ಪಕ್ಕದ ಮನೆಯೋ, ಬಾಜೂ ಮನಿಯೋ?

ಮಕ್ಕಳಿಗೆ ಯಾವ ಊರಿನ ಕನ್ನಡ ಕಲಿಸೋದು ಅಂತ ನಿನ್ನೆಯಿಂದ ಮಾತು ನಡೆದಿದೆ, ಅಲ್ವಾ. ನಮ್ಮ ಮನೆ ಕಥೆ ಕೇಳಿ. ನಾನು ಮೈಸೂರಿನವಳು, ನಮ್ಮವರು ಹುಬ್ಬಳ್ಳಿಯವರು, ಇರುವುದು ನ್ಯೂಜೆರ್ಸಿಯಲ್ಲಿ. ನಾನು ‘ಪಕ್ಕದ ಮನೆ’ ಎನ್ನುತ್ತೇನೆ, ಅವರು ‘ಬಾಜೂ ಮನಿ’ ಎನ್ನುತ್ತಾರೆ. ಮೊನ್ನೆ ಏಳು ವರ್ಷದ ಮಗಳು ಯಾವುದು ಸರಿ ಅಂತ ಕೇಳಿದಳು. ಬಾಜು ಹೊರಗಿನಿಂದ ಬಂದದ್ದು, ನನ್ನದೇ ಅಚ್ಚ ಕನ್ನಡ ಅಂತ ಜಂಭ ಕೊಚ್ಚಿದೆ. ರಾತ್ರಿ ನಿಘಂಟು ತೆಗೆದರೆ ನನ್ನದೂ ಎರವಲೇ!

ಪಕ್ಕ ಬಂದದ್ದು ಸಂಸ್ಕೃತದ ‘ಪಕ್ಷ’ದಿಂದ, ಪ್ರಾಕೃತದ ‘ಪಕ್ಖ’ವನ್ನು ಹಾದು. ಪಕ್ಷ ಅಂದರೆ ರೆಕ್ಕೆ. ರೆಕ್ಕೆ ಇರುವುದು ಮೈಯ ಎರಡು ಬದಿಗೆ, ಹಾಗಾಗಿ ಬದಿಗೂ ಅದೇ ಹೆಸರು ಬಂತು. ತಿಂಗಳ ಎರಡು ಭಾಗ ಶುಕ್ಲಪಕ್ಷ, ಕೃಷ್ಣಪಕ್ಷ. ಓಟು ಕೇಳುವ ಪಕ್ಷವೂ ಅದೇ, ಒಂದು ಬದಿ ಹಿಡಿದು ನಿಂತವರು. ರೆಕ್ಕೆ ಇದ್ದದ್ದು ಪಕ್ಷಿ, ಅದು ಪಕ್ಕಿಯಾಗಿ, ಹಳಗನ್ನಡದ ಪಾಲು ಹಾಲಾದ ಹಾಗೆ ಹಕ್ಕಿಯಾಯಿತು. ಪಕ್ಕ ಮಾತ್ರ ತನ್ನ ‘ಪ’ ಬಿಡಲಿಲ್ಲ. ಅಂದರೆ ಹಕ್ಕಿಯೂ ಪಕ್ಕದ ಮನೆಯೂ ನೆಂಟರು. ಇದನ್ನು ಕೇಳಿ ಮಗಳಿಗೆ ಖುಷಿಯೋ ಖುಷಿ.

ಬಾಜು ಪಾರಸಿ ಮಾತು, ಅಲ್ಲಿ ಅದಕ್ಕೆ ತೋಳು ಅಂತ ಅರ್ಥ. ತೋಳಿಗೆ ಕಟ್ಟುವ ಬಾಜುಬಂದಿಯಲ್ಲಿ ಇರುವುದೂ ಅದೇ. ಮರಾಠಿಯವರೂ ಬದಿಗೆ ಬಾಜು ಎನ್ನುತ್ತಾರೆ. ನನ್ನದು ರೆಕ್ಕೆ, ಅವರದು ತೋಳು, ಇಷ್ಟಕ್ಕೆ ಹತ್ತು ವರ್ಷ ಸುಮ್ನೆ ಕಿತ್ತಾಡಿದ್ದೇವೆ. ಅಚ್ಚ ಕನ್ನಡವೇ ಬೇಕು ಅಂದರೆ ನೆರೆಮನೆ ಎನ್ನಬೇಕು, ‘ಜನ ನೆರೆದರು’ ಅನ್ನುವಾಗಿನ ನೆರೆ. ಆದರೆ ಅದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಪುಸ್ತಕದಲ್ಲಿ ಓದಿದ್ದೇ ಜಾಸ್ತಿ.

ಒಂದು ಎಚ್ಚರ. ‘ಪಕ್ಕಾ ಬರ್ತೀನಿ’ ಅನ್ನುವ ಪಕ್ಕಾ ಬೇರೆ, ಅದು ‘ಪಕ್ವ’ದಿಂದ ಹಿಂದಿಯಾಗಿ ಬಂದದ್ದು. ನಮ್ಮವಳು ಪಕ್ಕದ ಮನೆ ಅಂದರೆ ಗಟ್ಟಿ ಮನೆ ಅಂದುಕೊಂಡಿದ್ದಳು! ಇಲ್ಲಿಯ ಮರದ ಮನೆಗಳಿಗೆ ಆ ಹೆಸರು ಸ್ವಲ್ಪ ಜಾಸ್ತಿಯೇ ಆಯಿತು.

ಈಗ ಎರಡನ್ನೂ ಆಡಲು ಬಿಟ್ಟಿದ್ದೇನೆ. ಅಜ್ಜಿಗೆ ಫೋನ್ ಮಾಡಿದರೆ ಯಾವ ಅಜ್ಜಿಗೆ ಯಾವುದು ಅಂತ ಅವಳಿಗೇ ಗೊತ್ತು. ಕುಂದಾಪುರ, ಮಂಗಳೂರು ಕಡೆಯವರು ನಿಮ್ಮ ಮನೆಯಲ್ಲಿ ಏನಂತೀರಿ, ಬರೆಯಿರಿ.