ಪದ ಬೇಕಿದೆ (ತುರ್ತು): ಕಡ್ಡಿಯಿಲ್ಲದ್ದನ್ನು ಗೂಡು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಶನಿವಾರದೊಳಗೆ ಬೇಕು. ಮೆಲ್ಬರ್ನ್‌ನ ಕಾಲಿನ್ಸ್ ಸ್ಟ್ರೀಟಿನ 367ನೇ ನಂಬರಿನ ಎತ್ತರದ ಕಟ್ಟಡದ ಅಂಚಿನಲ್ಲಿ ಪೆರಿಗ್ರೀನ್ ಫಾಲ್ಕನ್ ಜೋಡಿ ಮೊಟ್ಟೆಯಿಟ್ಟಿದೆ. ಅಲ್ಲಿ ಈಗ ವಸಂತ. ಅದರ ಲೈವ್ ಕ್ಯಾಮೆರಾವನ್ನು ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಮಕ್ಕಳಿಗೆ ತೋರಿಸುತ್ತಿದ್ದೇವೆ, ಪಕ್ಕದಲ್ಲಿ ಒಂದು ಬೋರ್ಡು ಇಡಬೇಕು. ಮರಿ ಕೊಕ್ಕಿನ ತುದಿಯ ಮುಳ್ಳಿನಿಂದ ಒಳಗಿಂದಲೇ ಚಿಪ್ಪಿಗೆ ಮೊದಲ ತೂತು ಮಾಡುತ್ತದಲ್ಲ, ಅದಕ್ಕೇನು ಹೇಳುವುದು? ಪೂರ್ತಿ ಹೊರಬರಲು ಆಮೇಲೂ ಒಂದೆರಡು ದಿನ ಹಿಡಿಯುತ್ತದೆ. 'ಮೊಟ್ಟೆ ಒಡೆಯಿತು' ಅಂತ ಬರೆದರೆ ಮಕ್ಕಳು 'ಮರಿ ಎಲ್ಲಿ ಆಂಟಿ?' ಅನ್ನುತ್ತಾರೆ. ಇನ್ನೊಂದು, ಈ ಹಕ್ಕಿ ಕಡ್ಡಿ ತರುವುದಿಲ್ಲ, ಹುಲ್ಲು ತರುವುದಿಲ್ಲ. ಜಲ್ಲಿಯಲ್ಲಿ ಎದೆಯೊತ್ತಿ, ಕಾಲಿನಿಂದ ಕೆರೆದು ಒಂದು ತಗ್ಗು ಮಾಡಿಕೊಳ್ಳುತ್ತದೆ, ಅಷ್ಟೇ. ಅದು ಗೂಡೇ? ಆರು ವಾರದ ಹೊತ್ತಿಗೆ ಮರಿ ಮೊದಲ ಸಲ ಹಾರುವುದಕ್ಕೂ ಒಂದು ಪದ ಬೇಕು.
— ಜಯನಗರ

ಮೊದಲು ಆ ಪೆರಿಗ್ರೀನ್ ಫಾಲ್ಕನ್ ತೆಗೆಯಿರಿ. ನಮ್ಮಲ್ಲಿ ಡೇಗೆ ಇದೆ. ತೆಲುಗರು ಡೇಗ ಎಂದು ಇಂದಿಗೂ ಆಡುತ್ತಾರೆ, ಮರೆತವರು ನಾವು. ಎರಡನೆಯದು, ಗೂಡು ಸಲ್ಲದು. ಕೂಡು ಎಂಬುದೇ ಗೂಡು ಆದದ್ದು. ಕೂಡಿಸಿ ಕಟ್ಟಿದ್ದರೆ ಮಾತ್ರ ಗೂಡು. ಇದು ಕೆರೆತಗ್ಗು. ಮೂರನೆಯದು, ಮರಿಯ ಮೊದಲ ಹಾರಾಟಕ್ಕೆ ಮೊದಲ್ವಾರು.
— ಬಸವನಗುಡಿ

ಕೆರೆತಗ್ಗು! ಬೆಂಗಳೂರಿನ ಮಕ್ಕಳು ಬೆಳ್ಳಂದೂರಿನ ಕಡೆ ಕೈ ತೋರಿಸುತ್ತಾರೆ.

ನಮ್ಮಜ್ಜಿಯ ಮನೆಯ ಗೋಡೆಯಲ್ಲಿ ದೀಪ ಇಡುವ ಗೂಡಿತ್ತು. ಅದರಲ್ಲಿ ಯಾವ ಕಡ್ಡಿ ಕೂಡಿಸಿದ್ದರು ಸ್ವಾಮಿ? ಗೋಡೆ ಕಟ್ಟುವಾಗ ಬಿಟ್ಟ ಜಾಗ, ಅಷ್ಟೇ. ಆ ಹಕ್ಕಿ ಕೂತಿರುವುದೂ ಗೋಡೆಯ ಅಂಥದೇ ಒಂದು ಮೂಲೆಯಲ್ಲಿ. ಬೋರ್ಡಿಗೆ ಇದಕ್ಕಿಂತ ಸರಿಯಾದ ಪದ ಸಿಗಲಿಕ್ಕಿಲ್ಲ. ರಾಮನಗರದ ಗೂಡಿನ ಮಾರ್ಕೆಟ್ಟಿಗೂ ಒಮ್ಮೆ ಹೋಗಿ ಬನ್ನಿ. ರೇಷ್ಮೆಹುಳು ಎಲ್ಲಿಂದ ಕಡ್ಡಿ ತಂದಿತು?

ಹಕ್ಕಿಯ ಹೆಸರು ಚಾಣ. ಹಕ್ಕಿ ನೋಡುವವರ ಬಾಯಲ್ಲಿರುವುದು ಅದೇ. ಗಿಡುಗ ಅಂತೂ ಬೇಡ. ಡಿಎನ್‌ಎ ನೋಡಿದ ಮೇಲೆ ಚಾಣಗಳು ಗಿಡುಗ, ಹದ್ದುಗಳಿಗಿಂತ ಗಿಳಿಗಳಿಗೇ ಹತ್ತಿರದ ನೆಂಟರು ಅಂತಾಗಿದೆ.
— ಮಲ್ಲೇಶ್ವರ

ಶಾಹೀನ್ ಅಂದರೆ ಆಗದೇ? ಇದೇ ಜಾತಿಯ ನಮ್ಮ ನಾಡಿನ ಹಕ್ಕಿ, ಕಡಿದಾದ ಬಂಡೆಗಳಲ್ಲಿ ಮರಿ ಮಾಡುತ್ತದೆ.
— ವಿಜಯನಗರ

ಪಾರಸಿ. ಬೇಡ.
— ಬಸವನಗುಡಿ

ಕುರ್ಚಿಯ ಮೇಲೆ ಕೂತೇ ಇದನ್ನು ಟೈಪು ಮಾಡಿದಿರಿ ತಾನೇ? ಕುರ್ಚಿ ಅರಬ್ಬಿಯದು, ಎದ್ದು ನಿಲ್ಲಿ. ಕಲ್ಯಾಣದಲ್ಲಿ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಈ ಹಕ್ಕಿಗಳ ಬೇಟೆಯ ಬಗ್ಗೆ ಬರೆದದ್ದು ಸಂಸ್ಕೃತದಲ್ಲಿ, ಶ್ಯೇನ ಎಂದು. ಅವನೂ ಕನ್ನಡದ್ರೋಹಿಯೇ?
— ವಿಜಯನಗರ

ಅರಸರು ಬರೆದದ್ದೆಲ್ಲ ಕನ್ನಡಕ್ಕೆ ಮಾದರಿಯಲ್ಲ. 1485ರಲ್ಲಿ ವಿಜಯನಗರದ ಗದ್ದುಗೆಯೇರಿದ ನರಸಿಂಹನ ಮನೆತನದ ಹೆಸರು ಸಾಳುವ, ಅದೂ ಬೇಟೆಹಕ್ಕಿಯೇ. ಇದ್ದದ್ದನ್ನು ಬಿಟ್ಟು ಸಾಲ ತರುವವರಿಗೆ ಏನು ಹೇಳುವುದು.
— ಬಸವನಗುಡಿ

ಜಗಳ ಆಮೇಲೆ ಆಡಿ, ಅಮ್ಮನಿಗೆ ಶನಿವಾರಕ್ಕೆ ಪದ ಬೇಕಂತೆ. ನಮ್ಮ ಮನೇಲಿ ಕೋಳಿ ಇವೆ. 21 ದಿನ ಕಾವಿಗೆ ಕೂರ್ತವೆ, ನಿಮ್ಮ ಹಕ್ಕಿಗೆ ತಿಂಗಳು ಹಿಡಿಯುತ್ತೇನೋ. ಚಿಪ್ಪಲ್ಲಿ ಸಣ್ಣ ತೂತು ಕಂಡರೆ 'ಮೊಟ್ಟೆ ಬಾಯಿ ಬಿಟ್ಟಿದೆ' ಅಂತೀವಿ. ಮರಿ ಆಚೆ ಬಂದರೆ 'ಮರಿ ಆಯ್ತು'. ಹಾರಿದರೆ 'ಗೂಡು ಬಿಡ್ತು'. ಮೊದಲ್ವಾರು ಅಂದ್ರೆ ನಮ್ಮೂರಲ್ಲಿ ಯಾವ ವಾರ ಅಂತ ಕೇಳ್ತಾರೆ.
— ಯಲಹಂಕ

ಯಲಹಂಕದವರಿಗೆ ನೂರು ನಮಸ್ಕಾರ. ಮೂರನ್ನೂ ಹಾಗೇ ಬರೆಸಿದೆ. ನಿನ್ನೆ ಸಂಜೆ ಒಂದು ಮೊಟ್ಟೆ ಬಾಯಿ ಬಿಟ್ಟಿತು. ಇವತ್ತು ಹತ್ತಿಯುಂಡೆಯಂಥ ಬಿಳಿ ಮರಿ ಪಕ್ಕಕ್ಕೆ ವಾಲಿಕೊಂಡು ಬಿದ್ದಿತ್ತು, ತಾಯಿ ಮಾಂಸವನ್ನು ಚೂರುಚೂರು ಮಾಡಿ ಬಾಯಿಗಿಡುತ್ತಿತ್ತು. ಮೂವತ್ತು ಮಕ್ಕಳು ಪಿಟ್ಟೆನ್ನದೆ ಕೂತಿದ್ದರು. ಪೇಂಟರ್ ಮಾತ್ರ 'ಚಾಣ' ಅನ್ನೋದನ್ನು 'ಜಾಣ' ಅಂತ ಬರೆದಿದ್ದಾನೆ. ತಿದ್ದಿಸಲು ಹೊತ್ತಿಲ್ಲ.
— ಜಯನಗರ

ಡೇಗೆ ಎಂದು ಬರೆಸಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ.
— ಬಸವನಗುಡಿ

ತಾಪತ್ರಯ ಸಂಸ್ಕೃತ.
— ವಿಜಯನಗರ