ದಣಪೆ ಹಾಕ್ಕಂಡು ಹೋಗಿ

"ಹೋದ ವಾರ ನಮ್ಮನೇಲಿ ಸಮುದಾಯ ಸಿಕ್ತು ಮಾರಾಯ" ಅಂದ ದತ್ತಣ್ಣ, ಹೋಟ್ಲು ಬೆಂಚಿನ ಮೇಲೆ ಕೂರೋ ಮೊದ್ಲೇ.

"ಎಂತಾ ಸಿಕ್ತು?"

"ಸಮುದಾಯ. ಕಾಲೇಜಿನ ಸಮುದಾಯ ರೇಡಿಯೋ ಹುಡುಗ್ರು ಒಂದು ತಿಂಗಳಿಂದ ಶಿರಸಿ ಪೂರಾ ಅದನ್ನೇ ಹುಡುಕ್ತಾ ಇದ್ರಂತೆ. ಹುಡುಕಿ ಹುಡುಕಿ ನೋಡಿದ್ರೆ ನಮ್ಮನೆ ಜಗಲಿ ಮೇಲೆ ಅಡಿಕೆ ಸುಲೀತಾ ಕೂತಿತ್ತು. ಅಲ್ಲೀವರೆಗೂ ನಾನದನ್ನ ಆಯಿ ಅಂತ ಕರೀತಿದ್ದೆ."

ಗಣಪಣ್ಣಂಗೆ ಸಿಟ್ಟು ಬಂತು, ಬರ್ಲೇಬೇಕು, ಅವನ ಮಗಳೇ ಅದ್ರಲ್ಲಿ ಆಂಕರ್ರು. "ನಿಂಗೆ ಎಲ್ಲಾ ತಮಾಷೆ. ಮಕ್ಕಳೇ ಪ್ರೋಗ್ರಾಂ ಯೋಚನೆ ಮಾಡ್ತಾರೆ, ಮಕ್ಕಳೇ ರೆಕಾರ್ಡ್ ಮಾಡ್ತಾರೆ, ಎಡಿಟಿಂಗೂ ಅವ್ರದೇ. ಲೆಕ್ಚರರ್‌ದು ಬರೀ ಸಹಿ."

"ಸುಮ್ನೆ ಅಲ್ಲ ಅದು" ಅಂತ ಮಂಜಣ್ಣ ಮಾಸ್ತರು ಚಾ ಲೋಟ ಕೆಳಗಿಟ್ರು. ಮಾಸ್ತರು ಲೋಟ ಕೆಳಗಿಟ್ರೆ ಇಸವಿ ಬರುತ್ತೆ ಅಂತ ನಮಗೆಲ್ಲಾ ಗೊತ್ತು. "1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ರೇಡಿಯೋ ತರಂಗ ಸಾರ್ವಜನಿಕರ ಸ್ವತ್ತು ಅಂತ. 2002ರಲ್ಲಿ ಕಾಲೇಜು, ಯೂನಿವರ್ಸಿಟಿಗಳಿಗೆ ರೇಡಿಯೋ ಮಾಡ್ಲಿಕ್ಕೆ ಒಪ್ಪಿಗೆ ಬಂತು, 2004ರಲ್ಲಿ ಚೆನ್ನೈನ ಅಣ್ಣಾ ಯೂನಿವರ್ಸಿಟಿ ಶುರು ಮಾಡ್ತು, ಅದೇ ದೇಶದಲ್ಲಿ ಮೊದ್ಲು. 2006ರಲ್ಲಿ ಸಂಘ ಸಂಸ್ಥೆಗಳಿಗೂ ಕೊಟ್ರು. ಹಾಗೆ ನೋಡಿದ್ರೆ ಮೈಸೂರಲ್ಲಿ 1935ರಲ್ಲೇ ಗೋಪಾಲಸ್ವಾಮಿ ಅನ್ನೋ ಸೈಕಾಲಜಿ ಪ್ರೊಫೆಸರು ತಮ್ಮನೇಲೇ ರೇಡಿಯೋ ಸ್ಟೇಷನ್ನು..."

"ತರಂಗ ಸಾರ್ವಜನಿಕರದ್ದು, ಒಪ್ದೆ. ನಮ್ಮನೆ ಜಗಲಿ ಯಾವ ಇಸವಿಯಲ್ಲಿ ಆಯ್ತು ಮಾಸ್ತರ್ರೇ?"

ಮಾಣಿ ಎರಡನೇ ರೌಂಡು ಚಾ ತಂದಿಟ್ಟ. ದತ್ತಣ್ಣ ಅದನ್ನ ಮುಟ್ಲೇ ಇಲ್ಲ, ಅವಂಗೆ ಮಾತು ಹತ್ತಿತ್ತು.

"ನಂದು ಸಂದರ್ಶನದ ಮೇಲೆ ತಕರಾರಲ್ಲ, ಆ ಮೂರು ಪ್ರಶ್ನೆ ಮೇಲೆ. ಯಾರ ಮನೆಗೆ ಹೋದ್ರೂ ಅವೇ ಮೂರು. ನಿಮ್ಮ ಪಯಣ ಹೇಗಿತ್ತು, ಏನೇನು ಸವಾಲು ಎದುರಿಸಿದ್ರಿ, ಸಮುದಾಯಕ್ಕೆ ನಿಮ್ಮ ಸಂದೇಶ ಏನು. ಪೇಟೇಲಿ ಬಸಳೆ ಮಾರ್ತಾಳಲ್ಲ ಆ ಹೆಂಗಸಿಗೆ ಈಗಾಗ್ಲೇ ಎರಡು ಸಲ ಸಂದರ್ಶನ ಆಗಿದೆ, ಮೊನ್ನೆ ನಾನು ಕಟ್ಟೊಂದಕ್ಕೆ ಎಷ್ಟು ಅಂತ ಕೇಳಿದ್ರೆ ಗಂಟಲು ಸರಿ ಮಾಡ್ಕೊಂಡು 'ಎಲ್ಲರಿಗೂ ನಮಸ್ಕಾರ' ಅಂದ್ಳು. ರೇಟು ಬರೋವಷ್ಟರಲ್ಲಿ ಅವಳ ಪಯಣ ಕುಮಟಾ ದಾಟಿತ್ತು."

"ಆಯಿ ಎಂತ ಹೇಳ್ತು ಅದ್ನ ಹೇಳು" ಅಂದೆ ನಾನು.

"ಪಯಣ ಅಂದ್ರು. ಆಯಿ 'ಎಲ್ಲಿಗೂ ಹೋಯ್ದಿಲ್ಲೆ' ಅಂತು. ಸವಾಲು ಅಂದ್ರು. 'ಅಡಿಕೆ ಕೊನೆ ಕೊಯ್ಯಕ್ಕೆ ಜನ ಸಿಕ್ತ್ವಿಲ್ಲೆ' ಅಂತು. ಸಂದೇಶ ಅಂದ್ರು. ಅಷ್ಟೊತ್ತಿಗೆ ನಾಲ್ಕನೇ ಹುಡುಗ ಬೈಕ್ ನಿಲ್ಸಿ, ಬೇಲಿ ಬಾಗಿಲಿನ ದಣಪೆ ಸರಿಸಿ ಒಳಗೆ ಬಂದಿದ್ದ, ಆಯಿ ಅವನನ್ನೇ ನೋಡ್ತಾ ಇತ್ತು. 'ದಣಪೆ ಹಾಕ್ಕಂಡು ಹೋಗಿ, ದನ ತೋಟಕ್ಕೆ ಬತ್ತು' ಅಂತು. ಅದೇ ಬಂತು ಮಾರಾಯ ರೇಡಿಯೋದಲ್ಲಿ, ಪೇಟೇಲಿ ನಾನೇ ಕೇಳ್ದೆ! ಹಿಂದೆ ಕೊಳಲು. 'ದಣಪೆ ಹಾಕ್ಕಂಡು ಹೋಗಿ, ಇದು ಹಿರಿಯ ಜೀವವೊಂದು ಸಮುದಾಯಕ್ಕೆ ನೀಡುವ ಕಿವಿಮಾತು' ಅಂತ ಗಣಪಣ್ಣನ ಕೂಸು ಎಷ್ಟು ಚಂದ ಹೇಳ್ತು ಗೊತ್ತಾ."

ಗಣಪಣ್ಣನೂ ನಕ್ಕ. ನಕ್ಕು ಆದ್ಮೇಲೆ ನಗಬಾರ್ದಿತ್ತು ಅಂತ ನೆನಪಾಗಿ, "ಅದರಲ್ಲಿ ಪರಿಸರ ಸಂರಕ್ಷಣೆ ಸಂದೇಶ ಇದೆ ಅಂತ ಸುಮಾರು ಜನ ಮೆಸೇಜ್ ಹಾಕಿದ್ರು" ಅಂದ.

"ಹಾಕ್ತಾರೆ. ನಮ್ಮ ದಣಪೆ ಮಾತ್ರ ಆ ಹುಡುಗ್ರು ಹಾಕದೇ ಹೋದ್ರು. ಅಡಿಕೆ ಹೂವಿನ ಗೊಂಚಲು, ನಾಲ್ಕು ಹಿಂಗಾರ, ದನದ ಬಾಯಿಗೆ ಹೋಯ್ತು."

ಹಿಂಗಾರ ದನದ ಬಾಯಿಗೆ ಎಟುಕೋದು ಹೇಗೆ ಅಂತ ಮಾಸ್ತರು ಕೇಳಿದ್ರು. ಎಳೇ ತೋಟ ಅಂದ ದತ್ತಣ್ಣ. ಇದ್ರ ಮೇಲೇ ಐದು ನಿಮಿಷ ಜಗಳ ಆಯ್ತು, ಬಿಡಿ.

"ಆದ್ರೂ ಆಯಿ ಅಷ್ಟು ಕಮ್ಮಿ ಮಾತಾಡೋ ಹೆಂಗಸಲ್ವಲ್ಲೋ" ಅಂದೆ. "ಊರಿಡೀ ಸುದ್ದಿ ಇರುತ್ತೆ ಅದ್ರ ಹತ್ರ."

"ಅದೇ ತಪ್ಪು" ಅಂದ್ರು ಮಾಸ್ತರು. "ಸಮುದಾಯ ರೇಡಿಯೋದವ್ರು ಸ್ವಂತ ಸುದ್ದಿ ಹೇಳೋ ಹಾಗಿಲ್ಲ. ಆಕಾಶವಾಣಿ ವಾರ್ತೆ ಬೇಕಾದ್ರೆ ಇದ್ದ ಹಾಗೇ ಹಾಕ್ಬಹುದು, ಅಷ್ಟೇ."

"ಹಂಗಾದ್ರೆ ಆಯಿನ ಪೂರ್ತಿ ಹಾಕಿದ್ರೆ ಲೈಸೆನ್ಸೇ ಹೋಗ್ತಿತ್ತು. ಯಾರ ಮನೆ ಎಮ್ಮೆ ಗಬ್ಬ, ಯಾರ ಮಾಣಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ, ಯಾವ ಗಡಿ ಬೇಲಿ ರಾತ್ರೋರಾತ್ರಿ ಒಂದು ಮೊಳ ಆಚೆ ಹೋಯ್ತು..." ದತ್ತಣ್ಣ ತಣ್ಣಗಾದ ಚಾ ಒಂದೇ ಗುಟುಕಿಗೆ ಕುಡ್ದ. "ಹಂಗಲ್ಲ ಮಾರಾಯ. ಅವ್ರು ಬಂದಾಗ ಆಯಿ ಮೆಟ್ಟುಗತ್ತೀಲಿ ಅಡಿಕೆ ಸುಲೀತಾ ಇತ್ತು, ಮಾತೂ ಹರೀತಾ ಇತ್ತು, ಆಗಿನ್ನೂ ರೆಕಾರ್ಡ್ ಹಚ್ಚಿರ್ಲಿಲ್ಲ. ಹಚ್ಚಿದ ಮೇಲೆ ಒಬ್ಬ, ಒಳ್ಳೇ ಹುಡುಗನೇ ಪಾಪ, 'ಅಜ್ಜೀ, ಮೆಟ್ಟುಗತ್ತಿ ಶಬ್ದ ಬರ್ತಿದೆ, ಸ್ವಲ್ಪ ನಿಲ್ಸ್ತೀರಾ' ಅಂದ. ಆಯಿ ನಿಲ್ಲಿಸ್ತು. ಕೈ ನಿಂತಿದ್ದೇ ಬಾಯೂ ನಿಂತೋಯ್ತು."

ಯಾರೂ ಏನೂ ಅನ್ಲಿಲ್ಲ. ಯಲ್ಲಾಪುರದ ಬಸ್ಸು ಹೋಯ್ತು.

"ಸುಲಿಯೋ ದಿನ ನಮ್ಮನೇಲಿ ಹನ್ನೆರಡು ಮೆಟ್ಟುಗತ್ತಿ ಮಣೆ ಹಾಕ್ತಿದ್ರು, ನೆನಪಿದ್ಯಾ ಗಣಪಾ? ಇವತ್ತು ನಮ್ಮನೆ, ನಾಳೆ ನಿಮ್ಮನೆ. ರಾತ್ರಿ ಹನ್ನೊಂದಕ್ಕೆ ಅವಲಕ್ಕಿ. ನಾವಿಬ್ರೂ ಸಿಪ್ಪೆ ರಾಶಿ ಮೇಲೆ ಮಲಗಿ ಕೇಳ್ತಿದ್ವಲ್ಲ, ದೆವ್ವದ ಕಥೆ, ಮದುವೆ ಮುರಿದಿದ್ದು, ಯಕ್ಷಗಾನದ ಆಟದಲ್ಲಿ ಭಾಗವತ್ರು ಪದ ತಪ್ಪಿದ್ದು. ಅಲ್ಲಿ ಯಾರಾದ್ರೂ ಯಾರಿಗಾದ್ರೂ ಸಂದೇಶ ಕೇಳಿದ್ರೇನೋ?"

"ಈಗ ಮಷಿನ್ ಬಂದಿದೆ ದತ್ತಣ್ಣ. ಯಾರು ಕೂರ್ತಾರೆ?" ಅಂದ ಗಣಪಣ್ಣ, ಮೆತ್ತಗೆ.

"ನಮ್ಮನೇಲೂ ಇದೆ. ಆಯಿ ಮಾತ್ರ ಒಂದು ಬುಟ್ಟಿ ಬೇರೆ ತೆಗೆದಿಟ್ಕೊಂಡು ರಾತ್ರಿ ಸುಲೀತು. ಪಕ್ಕದಲ್ಲಿ ರೇಡಿಯೋ. ಇದೇ ಕೂಸಿನ ರೇಡಿಯೋ."

"ಕೇಳುತ್ತಾ ನಿಮ್ಮನೇಲಿ?" ಮಾಸ್ತರು ಮತ್ತೆ ಲೋಟ ಕೆಳಗಿಟ್ರು. "ಸಾಮಾನ್ಯಕ್ಕೆ ನೂರು ವ್ಯಾಟಿನ ಮೇಲೆ ಕೊಡಲ್ಲ ಅವ್ರಿಗೆ. ಕಂಬ ಹೆಚ್ಚಂದ್ರೆ ಮೂವತ್ತು ಮೀಟ್ರು. ಬಯಲುಸೀಮೇಲಾದ್ರೆ ಹತ್ತು ಕಿಲೋಮೀಟ್ರು ಹೋಗ್ಬಹುದು. ಎಫ್‌ಎಂ ಗುಡ್ಡ ಹತ್ತಿ ಇಳಿಯೋದಿಲ್ಲ, ನಿಮ್ಮನೆ ಇರೋದು ಗುಡ್ಡದ ಆಚೆ."

"ಕೇಳಲ್ಲ. ಶ್... ಅಂತ ಬರುತ್ತೆ, ನಡುನಡುವೆ ಒಂದೊಂದು ಶಬ್ದ. ಸ್ಟೇಷನ್ ತಿರುಗಿಸ್ತೀನಿ ಅಂದ್ರೆ ಬೇಡ ಅಂತು. 'ಇರ್ಲಿ ಬಿಡು, ಯಾರೋ ಕೂತಾಂಗೆ ಆಗ್ತು' ಅಂತು."

ದತ್ತಣ್ಣ ಎದ್ದು ಕೊಡೆ ಹುಡುಕಿದ. ಈ ಚಳೀಲಿ ಕೊಡೆ ತಂದಿರ್ಲೇ ಇಲ್ಲ ಅಂತ ನೆನಪಾಗಿ ಹಾಗೇ ಹೊರಟ.

"ಏ ದತ್ತಣ್ಣ" ಅಂತ ಗಣಪಣ್ಣ ಕೂಗ್ದ. "ನಮ್ಮ ಕೂಸು ನಾಳೆ ರಾತ್ರಿ ಬರ್ಲೋ ಹೇಗೆ? ಮೈಕ್ ತರೋದಿಲ್ಲ."

"ಬರ್ಲಿ."

"ಅದಕ್ಕೊಂದು ಮೆಟ್ಟುಗತ್ತಿ ಇದ್ಯಾ ನಿಮ್ಮನೇಲಿ?"

"ಅಟ್ಟದ ಮೇಲೆ ಹನ್ನೊಂದು ಬಿದ್ಕೊಂಡಿದೆ" ಅಂದ ದತ್ತಣ್ಣ.