ಬಾವಿ ನೀರು ತುಂಬಿಸಿದ ಪೂಲ್ ತಿಳಿಯಾಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ಮೂಡಿಗೆರೆ ಕಡೆಯಿಂದ)

ನಮಸ್ಕಾರ ಸರ್. ಮನೆ ಪಕ್ಕದಲ್ಲಿ ಚಿಕ್ಕ ಪೂಲ್ ಕಟ್ಟಿಸಿದ್ದೇವೆ. 6 ಮೀಟರ್ ಉದ್ದ, 3 ಮೀಟರ್ ಅಗಲ. ಆಳ ಒಂದು ಕಡೆ 1.2 ಮೀಟರ್, ಇನ್ನೊಂದು ಕಡೆ 1.6. ಜುಲೈನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ತೋಟದ ತೆರೆದ ಬಾವಿಯಿಂದ ಮೋಟಾರ್ ಹಾಕಿ ತುಂಬಿಸಿದೆವು. ತುಂಬುವಾಗಲೇ ನೀರು ಸ್ವಲ್ಪ ಬಗ್ಗಡ ಇತ್ತು. ಎರಡು ದಿನದಲ್ಲಿ ಕೂರುತ್ತದೆ ಅಂದುಕೊಂಡೆವು, ಕೂರಲಿಲ್ಲ. ಯಾರೋ ಹೇಳಿದರು ಅಂತ 2 ಕೆಜಿ ಬ್ಲೀಚಿಂಗ್ ಪೌಡರ್ ಹಾಕಿದೆವು. ನೀರು ಹಾಲು ಜಾಸ್ತಿ ಹಾಕಿದ ಟೀ ಥರ ಆಯಿತು. ಆಮೇಲೆ 2 ಕೆಜಿ ಪಟಿಕ ಕರಗಿಸಿ ಹಾಕಿದೆವು. ಏನೂ ಬದಲಾಗಲಿಲ್ಲ. ಮರಳಿನ ಫಿಲ್ಟರ್ ಇದೆ, ದಿನಕ್ಕೆ ಮೂರು ಗಂಟೆ ಓಡಿಸುತ್ತೇವೆ. ಗೌರಿ ಹಬ್ಬಕ್ಕೆ ಮಗಳು, ಮೊಮ್ಮಕ್ಕಳು ಬರುತ್ತಾರೆ. ನೀರೆಲ್ಲ ಖಾಲಿ ಮಾಡಿ ಮತ್ತೆ ತುಂಬಿಸುವುದೇ ವಾಸಿಯಾ?

ಉತ್ತರ (ಪೂಲ್ ಕೆಲಸದವರು, ಹಾಸನ)

ನಮಸ್ಕಾರ ಅಮ್ಮ. ಮೊದಲು ಕೊನೆಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಅದೇ ಅರ್ಜೆಂಟು. ದಯವಿಟ್ಟು ಈಗ ಖಾಲಿ ಮಾಡಬೇಡಿ. ನಿಮ್ಮ ಕಡೆ ಮಳೆಗಾಲದಲ್ಲಿ ನೆಲದೊಳಗಿಂದ ಜಲ ಏಳುತ್ತದೆ ಅಲ್ವಾ? ಆ ನೀರು ಪೂಲಿನ ತಳವನ್ನು ಕೆಳಗಿಂದ ಒತ್ತುತ್ತಿರುತ್ತದೆ. ಒಳಗಿರುವ 25 ಸಾವಿರ ಲೀಟರಿನ ಭಾರವೇ ಅದನ್ನು ತಡೆದು ಹಿಡಿದಿರುವುದು. ಖಾಲಿ ಮಾಡಿದರೆ ತಳ ಬಿರುಕು ಬಿಡಬಹುದು, ಟೈಲ್ಸ್ ಎದ್ದು ಬರಬಹುದು. ಅದೂ ಅಲ್ಲದೆ ಮತ್ತೆ ತುಂಬಿಸುವುದು ಅದೇ ಬಾವಿಯ ನೀರನ್ನೇ. ಇದೇ ಕಥೆ ಮೊದಲಿಂದ ಶುರುವಾಗುತ್ತದೆ.

ಇನ್ನೊಂದು ಮಾತು. ಸದ್ಯಕ್ಕೆ ಇನ್ನೇನೂ ಹಾಕಬೇಡಿ. ಬಗ್ಗಡ ಅಂದರೆ ಒಂದೇ ಕಾಯಿಲೆ ಅಲ್ಲ. ಮಣ್ಣು ಇರಬಹುದು, ಕಬ್ಬಿಣ ಇರಬಹುದು, ಸುಣ್ಣದ ಅಂಶ ಇರಬಹುದು, ಪಾಚಿ ಇರಬಹುದು. ಒಂದೊಂದಕ್ಕೂ ಮದ್ದು ಬೇರೆ. ಒಂದರ ಮದ್ದು ಇನ್ನೊಂದನ್ನು ಕೆಡಿಸುತ್ತದೆ. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ನಾನು ನೋಡಿದ ಕೆಟ್ಟ ಪೂಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಟ್ಟಿದ್ದು ನೀರಿನಿಂದಲ್ಲ, ಪರೀಕ್ಷೆ ಮಾಡದೆ ಸುರಿದ ಔಷಧಿಯಿಂದ.

ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನನಗೆ ತಿಳಿಸಿ. ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಪೂಲ್ ನೀರು ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮಡ್ಡಿ ಕೂತಿದೆಯಾ, ಮೇಲಿನ ನೀರು ತಿಳಿಯಾಗಿದೆಯಾ ನೋಡಿ. ಇನ್ನೊಂದು ಲೋಟ ಪೂಲ್ ನೀರಿಗೆ ಎರಡು ಚಮಚ ವಿನೆಗರ್ ಹಾಕಿ. ನಿಂಬೆರಸ ಬೇಡ, ಅದರದ್ದೇ ಬಗ್ಗಡ ಇರುತ್ತದೆ. ತಿಳಿಯಾದರೆ ಅದು ಸುಣ್ಣದ ಅಂಶ. ಮೂರನೆಯದು ಬಾವಿಯ ನೀರಿಗೆ. ಬಿಳಿ ಬಕೆಟ್ಟಿನಲ್ಲಿ ಈಗ ಸೇದಿದ ನೀರು ತೆಗೆದುಕೊಂಡು ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ಕಂದು ಬಣ್ಣ ಬಂದರೆ ಕಬ್ಬಿಣ ಇದೆ ಅಂತ ಅರ್ಥ. ಕಬ್ಬಿಣ ಬಾವಿಯೊಳಗೆ ಕರಗಿರುವಾಗ ಕಣ್ಣಿಗೆ ಕಾಣುವುದಿಲ್ಲ. ಗಾಳಿ, ಕ್ಲೋರಿನ್ ತಾಗಿದ ಮೇಲೆ ತುಕ್ಕಾಗಿ ಕಾಣುತ್ತದೆ.

ಜೊತೆಗೆ ಪೂಲ್ ನೀರಿನ ಟೆಸ್ಟ್ ಪಟ್ಟಿ ಒಂದು ಡಬ್ಬಿ ತರಿಸಿಕೊಳ್ಳಿ. ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ; 7ಕ್ಕಿಂತ ಕಡಿಮೆ ಅಂದರೆ ಹುಳಿ), ಆಲ್ಕಲಿನಿಟಿ (ಹುಳಿಯನ್ನು ತಡೆಯುವ ಕ್ಷಾರದ ಅಂಶ), ಕ್ಲೋರಿನ್ ಮೂರೂ ತೋರಿಸುವಂಥದ್ದು. ಅದಿಲ್ಲದೆ ನಾನು ಏನು ಹೇಳಿದರೂ ಅಂದಾಜು ಮಾತ್ರ.

ಅಲ್ಲಿವರೆಗೆ ಯಾರೂ ನೀರಿಗೆ ಇಳಿಯಬಾರದು. ದಂಡೆಯಲ್ಲಿ ನಿಂತು ನೋಡಿದರೆ ಅತಿ ಆಳದಲ್ಲಿರುವ ಡ್ರೈನಿನ ಮುಚ್ಚಳ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಆ ಪೂಲ್ ಬಂದ್. ಬಗ್ಗಡ ನೀರಿನಲ್ಲಿ ಮಗು ಮುಳುಗಿದರೆ ಪಕ್ಕದಲ್ಲಿ ನಿಂತವರಿಗೂ ಗೊತ್ತಾಗುವುದಿಲ್ಲ.

ಸಕಲೇಶಪುರದಿಂದ ಒಬ್ಬರು

ನಮ್ಮ ಅಜ್ಜಿ ಕುಡಿಯುವ ನೀರಿನ ಮಡಕೆಯ ಒಳಗೆ ಚಿಲ್ಲದ ಬೀಜ ಉಜ್ಜುತ್ತಿದ್ದರು. ಎಂಥ ಕೆಂಪು ನೀರೂ ಬೆಳಿಗ್ಗೆಗೆ ತಿಳಿಯಾಗಿರುತ್ತಿತ್ತು. ಪೂಲ್‌ಗೆ ಅದನ್ನೇ ಯಾಕೆ ಬಳಸಬಾರದು?

ಉತ್ತರ

ಅಜ್ಜಿ ಮಾಡುತ್ತಿದ್ದದ್ದು ಸರಿಯಾಗಿಯೇ ಇತ್ತು ಅಣ್ಣ. ಚಿಲ್ಲದ ಬೀಜ, ನುಗ್ಗೆ ಬೀಜ ಎರಡರಲ್ಲೂ ಮಣ್ಣಿನ ಕಣಗಳನ್ನು ಒಟ್ಟುಗೂಡಿಸುವ ಗುಣ ಇದೆ. ಪಟಿಕ ಮಾಡುವುದೂ ಅದೇ ಕೆಲಸ. ಆದರೆ ಬೀಜದ ಪುಡಿಯ ಜೊತೆ ಬೇರೆ ಸಸ್ಯದ ಅಂಶವೂ ನೀರಿಗೆ ಸೇರುತ್ತದೆ. ಮಡಕೆಯ ನೀರನ್ನು ಮರುದಿನ ಕುಡಿದು ಮುಗಿಸುತ್ತೇವೆ. ಪೂಲ್ ನೀರು ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ಅಂಶ ಕ್ಲೋರಿನ್ ತಿನ್ನುತ್ತದೆ, ಪಾಚಿಗೆ ಊಟವಾಗುತ್ತದೆ. ಹಾಗಾಗಿ ಪೂಲ್‌ಗೆ ಪಟಿಕವೇ ಒಳ್ಳೆಯದು.

ಕೊಪ್ಪದಿಂದ ಒಬ್ಬರು

ತೋಟಕ್ಕೆ ಬೋರ್ಡೋ ಹೊಡೆಯಲು ತಂದ ಮೈಲುತುತ್ತ ಎಲ್ಲರ ಮನೆಯಲ್ಲೂ ಇರುತ್ತದೆ. ಸ್ವಲ್ಪ ಹಾಕಿದರೆ ನೀರು ನೀಲಿಯಾಗಿ ಚೆನ್ನಾಗಿ ಕಾಣುತ್ತದಲ್ಲ?

ಉತ್ತರ

ಕಾಣುತ್ತದೆ, ಆದರೆ ಬೇಡ. ಮೈಲುತುತ್ತದಲ್ಲಿ ಇರುವುದು ತಾಮ್ರ. ಪಾಚಿ ಸಾಯುತ್ತದೆ, ನಿಜ. ಮಣ್ಣಿಗೂ ಕಬ್ಬಿಣಕ್ಕೂ ಅದರಿಂದ ಏನೂ ಆಗುವುದಿಲ್ಲ. ಪ್ರಮಾಣ ಸ್ವಲ್ಪ ಹೆಚ್ಚಾದರೆ ಟೈಲ್ಸ್ ಸಂದಿಯಲ್ಲಿ ಕಲೆ ಕೂರುತ್ತದೆ, ನರೆತ ಕೂದಲಿಗೆ ಹಸಿರು ಬಣ್ಣ ಹಿಡಿಯುತ್ತದೆ. ಆ ನೀರು ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತವೆ.

ಪ್ರಶ್ನೆ ಕೇಳಿದವರು, ನಾಲ್ಕು ದಿನದ ನಂತರ

ಸರ್, ಪರೀಕ್ಷೆ ಮಾಡಿದೆ. ಬಾಟಲಿಯಲ್ಲಿ ತಳಕ್ಕೆ ತೆಳ್ಳಗೆ ಮಡ್ಡಿ ಕೂತಿದೆ, ಆದರೆ ಮೇಲಿನ ನೀರು ಬಗ್ಗಡವಾಗಿಯೇ ಇದೆ. ಎರಡು ರಾತ್ರಿ ಇಟ್ಟೆ, ಹಾಗೇ ಇತ್ತು. ವಿನೆಗರ್‌ಗೆ ಏನೂ ಆಗಲಿಲ್ಲ. ಬಾವಿ ನೀರಿನ ಬಕೆಟ್ ಇಪ್ಪತ್ತು ನಿಮಿಷದಲ್ಲಿ ತಿಳಿ ಟೀ ಬಣ್ಣಕ್ಕೆ ತಿರುಗಿತು. ಪಟ್ಟಿಯಲ್ಲಿ ಪೂಲ್ ನೀರಿನ ಪಿಎಚ್ ಕೊನೆಯ ಬಣ್ಣದಲ್ಲಿದೆ, 6.2 ಅಥವಾ ಅದಕ್ಕೂ ಕಡಿಮೆ. ಆಲ್ಕಲಿನಿಟಿ ಸೊನ್ನೆ ಹತ್ತಿರ. ಕ್ಲೋರಿನ್ ಸೊನ್ನೆ.

ಉತ್ತರ

ತುಂಬಾ ಚೆನ್ನಾಗಿ ನೋಡಿದ್ದೀರಿ ಅಮ್ಮ. ಈಗ ಎಲ್ಲ ಗೊತ್ತಾಯಿತು.

ನಿಮ್ಮ ಪೂಲಿನಲ್ಲಿ ಎರಡು ತೊಂದರೆ ಒಟ್ಟಿಗೆ ಇವೆ. ಒಂದು, ನಯವಾದ ಕೆಂಪು ಜೇಡಿ. ಅದರ ಕಣ 2 ಮೈಕ್ರಾನ್‌ಗಿಂತ ಚಿಕ್ಕದು (ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್). ಮರಳಿನ ಫಿಲ್ಟರ್ ಹಿಡಿಯುವುದು ಸುಮಾರು 20ರಿಂದ 40 ಮೈಕ್ರಾನಿನ ಕಣವನ್ನು. ಅಂದರೆ ಜರಡಿಯಲ್ಲಿ ಹಿಟ್ಟು ಹಿಡಿಯಲು ಹೋದ ಹಾಗೆ. ಹಗಲೂ ರಾತ್ರಿ ಓಡಿಸಿದರೂ ಆ ಕಣ ದಾಟಿಕೊಂಡು ವಾಪಸ್ ಬರುತ್ತದೆ. ಇನ್ನೊಂದು ಕಬ್ಬಿಣ. ನೀವು ಹಾಕಿದ ಬ್ಲೀಚಿಂಗ್ ಪೌಡರಿನಿಂದ ಅದು ಈಗಾಗಲೇ ತುಕ್ಕಾಗಿ ಹೊರಬಿದ್ದಿದೆ. ಟೀ ಬಣ್ಣ ಬಂದದ್ದು ಅದಕ್ಕೇ. ಅದು ಒಳ್ಳೆಯದೇ ಆಯಿತು, ಜೇಡಿಯ ಜೊತೆ ಒಟ್ಟಿಗೇ ತೆಗೆಯಬಹುದು.

ಹಾಗಾದರೆ ಪಟಿಕ ಯಾಕೆ ಕೆಲಸ ಮಾಡಲಿಲ್ಲ? ಇಲ್ಲೇ ಮಲೆನಾಡಿನ ಬಾವಿಯ ಗುಣ ಬರುವುದು. ಮಳೆ ನೀರು ಕೆಂಪು ಮಣ್ಣಿನಲ್ಲಿ ಇಂಗಿ ಬಾವಿಗೆ ಬರುತ್ತದೆ. ದಾರಿಯಲ್ಲಿ ಸುಣ್ಣಕಲ್ಲು ಸಿಗುವುದಿಲ್ಲ. ಹಾಗಾಗಿ ಅದು ಮೆದು ನೀರು. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆದರೆ ಕ್ಷಾರ ಕಡಿಮೆ. ಪಟಿಕ ನೀರಿಗೆ ಬಿದ್ದಾಗ ಕ್ಷಾರದ ಜೊತೆ ಸೇರಿ ಹತ್ತಿಯಂಥ ಗಡ್ಡೆ ಆಗಬೇಕು. ಆ ಗಡ್ಡೆಯೇ ಜೇಡಿಯನ್ನು ಹಿಡಿದುಕೊಂಡು ತಳಕ್ಕೆ ಇಳಿಯುವುದು. ನಿಮ್ಮ ಪಟಿಕ ಇದ್ದಷ್ಟು ಕ್ಷಾರವನ್ನು ತಿಂದು ಮುಗಿಸಿತು, ನೀರು ಹುಳಿಯಾಯಿತು, ಉಳಿದ ಪಟಿಕ ಗಡ್ಡೆಯಾಗದೆ ಕರಗಿಯೇ ನಿಂತಿತು. ಒಂದು ಕೆಜಿ ಪಟಿಕ ತಿನ್ನುವ ಕ್ಷಾರ ತುಂಬಲು ಮುಕ್ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಅಡುಗೆ ಸೋಡಾ ಬೇಕು. ಇದನ್ನು ಹೇಳದೆ ಸುಮ್ನೆ ಪಟಿಕ ಹಾಕಿ ಅನ್ನುವುದು ತಪ್ಪು.

ಈಗ ಹೀಗೆ ಮಾಡಿ. 3 ಕೆಜಿ ಅಡುಗೆ ಸೋಡಾ ತನ್ನಿ. ಬಟ್ಟೆ ಒಗೆಯುವ ಸೋಡಾ ಅಲ್ಲ. ಬಕೆಟ್ಟಿನಲ್ಲಿ ಸ್ವಲ್ಪ ಸ್ವಲ್ಪ ಕರಗಿಸಿ ಪೂಲಿನ ಸುತ್ತ ಹಾಕಿ. ಪಂಪ್ ಆಫ್ ಮಾಡಿ ಮಲ್ಟಿಪೋರ್ಟ್ (ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ವಾಲ್ವ್) ಹಿಡಿಯನ್ನು ರೀಸರ್ಕ್ಯುಲೇಟ್‌ಗೆ ತಿರುಗಿಸಿ. ಪಂಪ್ ಓಡುತ್ತಿರುವಾಗ ಹಿಡಿ ತಿರುಗಿಸಿದರೆ ಒಳಗಿನ ರಬ್ಬರ್ ಹರಿಯುತ್ತದೆ. ಎರಡು ಗಂಟೆ ನೀರು ಸುತ್ತಲಿ, ಫಿಲ್ಟರ್ ಮೂಲಕ ಬೇಡ. ಆಮೇಲೆ ಪಂಪ್ ನಿಲ್ಲಿಸಿ, ಒಂದು ರಾತ್ರಿ ಬಿಡಿ.

ಹೊಸ ಪಟಿಕ ಈಗಲೇ ಹಾಕಬೇಡಿ. ಮೊದಲು ಹಾಕಿದ್ದು ನೀರಿನಲ್ಲೇ ಇದೆ. ಸೋಡಾ ಸಿಕ್ಕಿದ ಮೇಲೆ ಅದೇ ಎಚ್ಚೆತ್ತು ಕೆಲಸ ಮಾಡುವ ಸಾಧ್ಯತೆ ಜಾಸ್ತಿ. ಬೆಳಿಗ್ಗೆಯೂ ಬಗ್ಗಡ ಇದ್ದರೆ ಮಾತ್ರ ಪಿಎಚ್ 7 ಆಸುಪಾಸು ಇದೆಯಾ ನೋಡಿಕೊಂಡು ಅರ್ಧ ಕೆಜಿ ಪಟಿಕ ಹಾಕಿ.

ಪ್ರಶ್ನೆ ಕೇಳಿದವರು, ಮೂರು ದಿನದ ನಂತರ

ಸರ್, ಸಂಜೆ ಸೋಡಾ ಹಾಕಿದೆವು. ಒಂದು ಗಂಟೆಯಲ್ಲೇ ಹಾಲು ಒಡೆದ ಹಾಗೆ ಆಯಿತು! ಸಣ್ಣ ಸಣ್ಣ ಚೂರು ತೇಲುತ್ತಿದ್ದವು. ಭಯವಾಗಿ ನಮ್ಮವರು ಪಂಪ್ ಬೇಗ ನಿಲ್ಲಿಸಿಬಿಟ್ಟರು. ಬೆಳಿಗ್ಗೆ ನೋಡಿದರೆ ಮೇಲಿನ ನೀರು ತಿಳಿಯಾಗಿದೆ, ತಳದಲ್ಲಿ ಕಂದು ಕಂಬಳಿ ಹಾಸಿದ ಹಾಗಿದೆ. ಡ್ರೈನಿನ ಮುಚ್ಚಳ ಆ ಕಂಬಳಿಯ ಕೆಳಗೆ ಇದೆ. ಈಗ ಫಿಲ್ಟರ್ ಹಾಕಲಾ?

ಉತ್ತರ

ಹಾಕಬೇಡಿ! ಓದಿ ಬಹಳ ಸಂತೋಷವಾಯಿತು, ಆದರೆ ಈಗಲೇ ಜಾಸ್ತಿ ಜಾಗ್ರತೆ ಬೇಕು. ಆ ಕಂಬಳಿ ಫಿಲ್ಟರಿಗೆ ಹೋದರೆ ಮರಳು ಅಂಟಿಕೊಂಡು ಕಟ್ಟುತ್ತದೆ. ಮಲ್ಟಿಪೋರ್ಟ್ ಹಿಡಿಯನ್ನು ವೇಸ್ಟ್‌ಗೆ ಇಟ್ಟು (ಆಗ ನೀರು ಫಿಲ್ಟರಿಗೆ ಹೋಗದೆ ನೇರ ಹೊರಗೆ ಹೋಗುತ್ತದೆ) ವ್ಯಾಕ್ಯೂಮ್ ಮಾಡಿ, ಅಂದರೆ ತಳದ ಮಡ್ಡಿಯನ್ನು ಪೈಪಿನಿಂದ ಎಳೆಯಿರಿ. ಪೈಪಿನೊಳಗೆ ಮೊದಲು ನೀರು ತುಂಬಿ ಗಾಳಿ ಹೊರಡಿಸಿ. ಬ್ರಷ್ ತಳಕ್ಕೆ ಇಳಿಸಿದ ಮೇಲೆ ಅವಸರ ಬೇಡ. ಮಗು ಮಲಗಿರುವ ಕೋಣೆಯಲ್ಲಿ ಕಸ ಗುಡಿಸುವ ಹಾಗೆ ನಿಧಾನ. ಜೋರಾಗಿ ಎಳೆದರೆ ಎಲ್ಲ ಕದಡುತ್ತದೆ, ಮತ್ತೆ ಒಂದು ರಾತ್ರಿ ಕಾಯಬೇಕು. ನಾಲ್ಕು ಇಂಚು ನೀರು ಇಳಿಯಬಹುದು, ಅಂದರೆ ಸುಮಾರು 1,800 ಲೀಟರ್. ಅಷ್ಟು ಹೋಗಲಿ. ಆದರೆ ನೀರಿನ ಮಟ್ಟ ಸ್ಕಿಮ್ಮರ್ (ಗೋಡೆಯಲ್ಲಿ ಮೇಲಿನ ನೀರು ಎಳೆಯುವ ಕಿಂಡಿ) ಬಾಯಿಗಿಂತ ಕೆಳಗೆ ಬಂದರೆ ಸ್ಕಿಮ್ಮರಿನ ವಾಲ್ವ್ ಮುಚ್ಚಿ, ಪಂಪ್ ಗಾಳಿ ಎಳೆಯಬಾರದು.

ಆಮೇಲೆ ಫಿಲ್ಟರ್ ಹಾಕಿ. ಮೊದಲ ಎರಡು ದಿನ ಹತ್ತು ಗಂಟೆ ಓಡಲಿ. ಮೂರು ಗಂಟೆ ಯಾವತ್ತಿಗೂ ಸಾಲದು. ಗೇಜಿನಲ್ಲಿ ಒತ್ತಡ ಮಾಮೂಲಿಗಿಂತ ಅರ್ಧ ಬಾರ್ ಏರಿದ ತಕ್ಷಣ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯಿರಿ. ಪಿಎಚ್ 7.2ರಿಂದ 7.6ರ ಒಳಗೆ ಬಂದ ಮೇಲೆ ಕ್ಲೋರಿನ್. ಬ್ಲೀಚಿಂಗ್ ಪೌಡರ್ ಬಿಡಿ, ಅದರಲ್ಲಿ ಕರಗದ ಸುಣ್ಣ ಇರುತ್ತದೆ, ಮತ್ತೆ ಬಿಳಿ ಬಗ್ಗಡ. ಶೇಕಡ 10ರ ದ್ರವ ಕ್ಲೋರಿನ್ ತನ್ನಿ. ನಿಮ್ಮ ಪೂಲಿಗೆ 250 ಮಿಲಿ ಹಾಕಿದರೆ 1 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ) ಏರುತ್ತದೆ. ಸಂಜೆ ಹಾಕಿ, ಬಿಸಿಲಿಗೆ ಬೇಗ ಹಾಳಾಗುತ್ತದೆ. ಮಕ್ಕಳು ಇಳಿಯುವಾಗ ಪಟ್ಟಿಯಲ್ಲಿ 1ರಿಂದ 3 ಇರಬೇಕು. ನೀರು ತಿಳಿಯಾಗಿ ಕಂಡರೂ ಕ್ಲೋರಿನ್ ಸೊನ್ನೆ ಇದ್ದರೆ ಇಳಿಸಬೇಡಿ. ಮಳೆಗಾಲದಲ್ಲಿ ಅಂಗಳದ ನೀರು ಪೂಲಿಗೆ ಹರಿದು ಬಂದಿರುತ್ತದೆ, ಇಲಿ ಜ್ವರದ ಭಯ ನಮ್ಮ ಕಡೆ ಇದ್ದೇ ಇದೆ.

ಕ್ಲೋರಿನ್ ಮತ್ತು ಆಸಿಡ್ ಒಂದೇ ಕಪಾಟಿನಲ್ಲಿ ಇಡಬೇಡಿ, ಒಂದೇ ಬಕೆಟ್ ಬಳಸಬೇಡಿ. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ.

ಕಡೂರಿನಿಂದ ಒಬ್ಬರು

ಸರ್, ನಮ್ಮದು ಬೋರ್‌ವೆಲ್ ನೀರು. ತುಂಬಿಸಿದಾಗ ಕನ್ನಡಿ ಥರ ಇತ್ತು. ಕ್ಲೋರಿನ್ ಕಾಳು ಹಾಕಿದ ಮರುದಿನ ಬೆಳ್ಳಗಾಯಿತು. ನಾವೂ ಅಡುಗೆ ಸೋಡಾ ಹಾಕಬಹುದಾ?

ಉತ್ತರ

ಬೇಡ ಬೇಡ, ನಿಮ್ಮದು ತೀರಾ ಉಲ್ಟಾ. ಬಯಲುಸೀಮೆಯ ಬೋರ್ ನೀರು ಗಡಸು. ನಿಮ್ಮ ಬಾತ್‌ರೂಮ್ ನಲ್ಲಿಯ ಮೇಲೆ ಬಿಳಿ ಪದರ ಕಟ್ಟಿರಬೇಕು, ನೋಡಿ. ಕ್ಲೋರಿನ್ ಕಾಳಿನಲ್ಲೂ ಕ್ಯಾಲ್ಸಿಯಂ ಇರುತ್ತದೆ, ಪಿಎಚ್ಚನ್ನೂ ಏರಿಸುತ್ತದೆ. ಆಗ ಕರಗಿದ್ದ ಸುಣ್ಣ ಹೊರಬೀಳುತ್ತದೆ. ವಿನೆಗರ್ ಪರೀಕ್ಷೆ ಮಾಡಿ. ಲೋಟ ತಿಳಿಯಾದರೆ ನೀವು ಪಿಎಚ್ ಇಳಿಸಬೇಕು, 7.2ರ ಹತ್ತಿರಕ್ಕೆ. ಅದಕ್ಕೆ ಪೂಲಿನ ಆಸಿಡ್ಡನ್ನು ಒಂದು ಬಕೆಟ್ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ. ಆಸಿಡ್ಡಿಗೆ ನೀರು ಯಾವತ್ತೂ ಹಾಕಬಾರದು. ಒಂದು ಸಲಕ್ಕೆ ಕಾಲು ಲೀಟರ್, ನಾಲ್ಕು ಗಂಟೆ ಬಿಟ್ಟು ಪಟ್ಟಿ ನೋಡಿ ಮತ್ತೆ. ಇಷ್ಟು ಸಾಕು, ಪಟಿಕ ಬೇಕಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಸರ್, ಡ್ರೈನಿನ ಮುಚ್ಚಳದ ತೂತುಗಳೂ ಕಾಣುತ್ತಿವೆ. ಪಿಎಚ್ 7.2 ಇದೆ. ನಾಲ್ಕು ಇಂಚು ನೀರು ಮತ್ತೆ ತುಂಬಬೇಕು, ಬಾವಿಯಿಂದ ನೇರ ಬಿಡಲಾ? ಮತ್ತೆ ಬ್ಯಾಕ್‌ವಾಶ್ ನೀರನ್ನು ಕಾಫಿ ಗಿಡಕ್ಕೆ ಬಿಡಬಹುದಾ?

ಉತ್ತರ

ನೇರ ಬಿಡಬೇಡಿ. ಮನೆ ಮೇಲೆ ಅಥವಾ ಅಂಗಳದಲ್ಲಿ ಸಾವಿರ ಲೀಟರಿನ ಟ್ಯಾಂಕ್ ಖಾಲಿ ಇದ್ದರೆ ಅದಕ್ಕೆ ಬಿಡಿ. ಪೈಪಿನ ತುದಿಗೆ ಸ್ನಾನದ ಶವರ್ ತಲೆ ಸಿಕ್ಕಿಸಿ, ಎತ್ತರದಿಂದ ಹನಿ ಹನಿಯಾಗಿ ಬೀಳಲಿ. ಗಾಳಿ ತಾಗಿ ಕಬ್ಬಿಣ ಅಲ್ಲೇ ತುಕ್ಕಾಗಲು ಶುರುವಾಗುತ್ತದೆ. ಎರಡು ದಿನ ಕೂರಲು ಬಿಟ್ಟು, ತಳದ ಒಂದು ಗೇಣು ನೀರು ಬಿಟ್ಟು ಮೇಲಿನದ್ದನ್ನು ಮಾತ್ರ ಪೂಲಿಗೆ ಹರಿಸಿ. ಮುಂದಿನ ಸಲ ಪೂರ್ತಿ ತುಂಬಿಸುವುದಿದ್ದರೆ ನವೆಂಬರ್ ಕೊನೆವರೆಗೆ ಕಾಯಿರಿ. ಆಗ ಬಾವಿ ತುಂಬಿರುತ್ತದೆ, ಕೆಂಪು ನೀರೂ ತಿಳಿಯಾಗಿರುತ್ತದೆ.

ಬ್ಯಾಕ್‌ವಾಶ್ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಗಿಡದ ಬುಡಕ್ಕೂ ಹಳ್ಳಕ್ಕೂ ಬೇಡ. ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಒಂದು ಇಂಗುಗುಂಡಿ ತೆಗೆಸಿ ಅಲ್ಲಿಗೆ ಬಿಡಿ. ಹಬ್ಬಕ್ಕೆ ಇನ್ನೂ ದಿನ ಇದೆ ಅಲ್ವಾ? ಅಲ್ಲಿವರೆಗೆ ದಿನಾ ಸಂಜೆ ಪಟ್ಟಿ ಅದ್ದಿ ನೋಡಿ ಇಲ್ಲಿ ಹಾಕುತ್ತಿರಿ, ನಾನು ನೋಡುತ್ತಿರುತ್ತೇನೆ.